ಹಕ್ಕಿಗೂ ಕ್ಯಾಮೆರಾಗೂ ನಡುವಿನ ದೂರ

ವನ್ಯಜೀವಿ ಛಾಯಾಗ್ರಹಣವೆಂದರೆ ಅಭಯಾರಣ್ಯ, ಜೀಪು ಮತ್ತು ಹುಲಿ ಎಂಬ ಕಲ್ಪನೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಕೆಲಸಕ್ಕೆ ರಜೆಯಿರುವ ದಿನ ಮನೆಯ ಹತ್ತಿರದ ಉದ್ಯಾನಕ್ಕೆ ಕ್ಯಾಮೆರಾ ಹಿಡಿದು ಹೊರಟರೆ ಪರಿಚಿತರು "ಅಲ್ಲಿ ಏನಿದೆ?" ಎಂದು ಕೇಳುತ್ತಾರೆ. ಅಲ್ಲಿರುವುದು ಅಳಿಲು, ಗೊರವಂಕ, ಪಿಕಳಾರ, ಕೊಳವಿದ್ದರೆ ಬಕ ಮತ್ತು ನೀರುಕಾಗೆ, ಅದೃಷ್ಟವಿದ್ದರೆ ಒಂದು ಮಿಂಚುಳ್ಳಿ. ಈ ಪಟ್ಟಿಯಲ್ಲಿ ಅಪರೂಪವಾದದ್ದು ಒಂದೂ ಇಲ್ಲ ಎಂಬುದು ನಿಜ. ಆದರೆ ಒಳ್ಳೆಯ ಚಿತ್ರಕ್ಕೆ ಜೀವಿ ಅಪರೂಪದ್ದಾಗಿರುವುದಕ್ಕಿಂತ ಹತ್ತಿರದಲ್ಲಿರುವುದು ಮುಖ್ಯ. ಆ ಸಾಮೀಪ್ಯವನ್ನು ವಾರವಿಡೀ ದುಡಿಯುವವರಿಗೆ ಕಾಡಿಗಿಂತ ಉದ್ಯಾನವೇ ಧಾರಾಳವಾಗಿ ಕೊಡುತ್ತದೆ ಎಂಬುದು ನಾನು ಕಂಡುಕೊಂಡ ಸಂಗತಿ.

ಪ್ರತಿಯೊಂದು ಪ್ರಾಣಿಗೂ, ಮನುಷ್ಯ ಇಷ್ಟು ಹತ್ತಿರ ಬಂದರೆ ಓಡಬೇಕು ಅಥವಾ ಹಾರಬೇಕು ಎಂಬ ಒಂದು ಗಡಿ ಇರುತ್ತದೆ. ಜೀವವಿಜ್ಞಾನಿಗಳು ಈ ದೂರವನ್ನು ಅಳೆಯುತ್ತಾರೆ, ಮತ್ತು ಒಂದೇ ಜಾತಿಯ ಹಕ್ಕಿ ಹಳ್ಳಿಗಾಡಿನಲ್ಲಿ ಸಹಿಸುವುದಕ್ಕಿಂತ ನಗರದಲ್ಲಿ ಮನುಷ್ಯನನ್ನು ಹೆಚ್ಚು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತದೆ ಎಂಬುದನ್ನು ಅನೇಕ ದೇಶಗಳಲ್ಲಿ ಗಮನಿಸಿದ್ದಾರೆ. ದಿನವೂ ನೂರಾರು ಜನ ನಡೆದು ಹೋಗುವುದನ್ನು ನೋಡುವ ಉದ್ಯಾನದ ಬಕಕ್ಕೆ ಇನ್ನೊಬ್ಬ ದಾರಿಹೋಕ ವಿಶೇಷವಲ್ಲ. ಛಾಯಾಗ್ರಾಹಕನ ಲೆಕ್ಕದಲ್ಲಿ ಇದು ದೊಡ್ಡ ಲಾಭ. ದೂರ ಅರ್ಧಕ್ಕಿಳಿದರೆ ಚೌಕಟ್ಟಿನಲ್ಲಿ ಹಕ್ಕಿ ಆವರಿಸುವ ಜಾಗ ನಾಲ್ಕು ಪಟ್ಟಾಗುತ್ತದೆ. ಮೂವತ್ತು ಮೀಟರಿನಿಂದ 600 ಎಂಎಂ ಲೆನ್ಸ್ ಕೊಡುವ ಗಾತ್ರವನ್ನು ಹದಿನೈದು ಮೀಟರಿನಿಂದ 300 ಎಂಎಂ ಲೆನ್ಸ್ ಕೊಡುತ್ತದೆ. ಅಷ್ಟೇ ಅಲ್ಲ, ನಡುವಿನ ಗಾಳಿಯೂ ಅರ್ಧವಾಗುತ್ತದೆ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಕಾವು ದೂರದ ದೃಶ್ಯವನ್ನು ನಡುಗಿಸಿ, ಎಷ್ಟೇ ಉತ್ತಮ ಲೆನ್ಸಿನ ಚಿತ್ರದಲ್ಲೂ ಗರಿಗಳ ಅಂಚನ್ನು ಅಳಿಸಿಬಿಡುತ್ತದೆ. ಆ ದೋಷವನ್ನು ಮನೆಗೆ ಬಂದು ಯಾವ ಸಾಫ್ಟ್‌ವೇರಿನಲ್ಲೂ ಪೂರ್ತಿ ಸರಿಪಡಿಸಲಾಗದು. ಭಾರವಾದ ಲೆನ್ಸ್ ಕೊಳ್ಳಲು ಉಳಿತಾಯ ಮಾಡುತ್ತಿರುವವರಿಗೆ, ಅದು ಕೈಗೆ ಬರುವವರೆಗಾದರೂ ಹತ್ತಿರ ಹೋಗುವುದನ್ನು ಅಭ್ಯಾಸ ಮಾಡಿಕೊಳ್ಳಿ ಎಂದೇ ನಾನು ಹೇಳುವುದು.

ಹತ್ತಿರ ಹೋಗುವ ಸಮಸ್ಯೆ ಈ ಹವ್ಯಾಸದಷ್ಟೇ ಹಳೆಯದು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಎಂಬ ಅಣ್ಣತಮ್ಮಂದಿರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಗೂಡೊಂದರ ಚಿತ್ರ ತೆಗೆದರು. ನಿಸರ್ಗ ಛಾಯಾಗ್ರಹಣದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಆ ಚಿತ್ರವನ್ನು ಮರೆಯುವುದಿಲ್ಲ. ಇಬ್ಬರೂ ಲಂಡನ್ನಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ನೌಕರರಾಗಿದ್ದವರು ಎಂಬುದು, ಕಚೇರಿಯ ವೇಳೆಯ ಆಚೆಗೆ ಕ್ಯಾಮೆರಾ ಹಿಡಿಯುವ ನನ್ನಂಥವರಿಗೆ ಸಮಾಧಾನ ಕೊಡುವ ವಿವರ. ಮುಂದೆ ಅವರು ಹಕ್ಕಿಗಳ ಕಣ್ಣು ತಪ್ಪಿಸಲು ಎತ್ತಿನ ಚರ್ಮದಿಂದ ಟೊಳ್ಳಾದ ಎತ್ತೊಂದನ್ನೇ ಮಾಡಿಸಿ, ಅದರೊಳಗೆ ಕ್ಯಾಮೆರಾ ಸಮೇತ ನಿಂತು ಕಾಯುತ್ತಿದ್ದರು. ಹುಲ್ಲುಗಾವಲಿನ ಹಕ್ಕಿಗೆ ಎತ್ತು ನಿತ್ಯದ ನೋಟವಾದ್ದರಿಂದ ಅದು ಅನುಮಾನಕ್ಕೆಡೆಯಿಲ್ಲದ ವೇಷವಾಗಿತ್ತು. ಉದ್ಯಾನದಲ್ಲಿ ಆ ಶ್ರಮವೇ ಬೇಡ; ಬೆಳಗಿನ ನಡಿಗೆಗೆ ಬಂದ ಮನುಷ್ಯನ ವೇಷ ನಮಗೆ ಹುಟ್ಟಿನಿಂದಲೇ ಇದೆ.

ಆ ವೇಷ ಕಳಚಿ ಬೀಳುವುದು ನಾವು ದಾರಿ ಬಿಟ್ಟ ಕ್ಷಣದಲ್ಲಿ. ಕಾಲುದಾರಿಯಲ್ಲಿ ಮಾತನಾಡುತ್ತ ಹೋಗುವವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಬಕ, ಹುಲ್ಲಿನ ಮೇಲೆ ಬಗ್ಗಿ, ತನ್ನನ್ನೇ ದಿಟ್ಟಿಸುತ್ತ, ಕಳ್ಳಹೆಜ್ಜೆಯಿಡುತ್ತ ಬರುವ ಒಬ್ಬನನ್ನು ಕಂಡರೆ ಕುತ್ತಿಗೆ ನೀಳ ಮಾಡಿ ಸಿದ್ಧವಾಗುತ್ತದೆ. ಬೇಟೆಗಾರ ಪ್ರಾಣಿಗಳು ಬರುವುದು ಹಾಗೆಯೇ ಅಲ್ಲವೇ? ಆದ್ದರಿಂದ ನಾನು ನೇರವಾಗಿ ಹಕ್ಕಿಯ ಕಡೆಗೆ ನಡೆಯುವುದಿಲ್ಲ. ಅದನ್ನು ಹಾದುಹೋಗುವವನಂತೆ ಓರೆಯಾಗಿ ನಡೆದು, ನಡುವೆ ನಿಂತು, ಬೇರೆಲ್ಲೋ ನೋಡಿ, ಕೊನೆಗೆ ಕುಳಿತುಬಿಡುತ್ತೇನೆ. ಕುಳಿತ ಮನುಷ್ಯನನ್ನು ಜೀವಿಗಳು ಬೇಗ ಮರೆಯುತ್ತವೆ. ಕುಳಿತರೆ ಇನ್ನೊಂದು ಪ್ರಯೋಜನವೂ ಇದೆ: ಲೆನ್ಸ್ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಹಿಂದಿನ ಹುಲ್ಲೋ ನೀರೋ ಬಹುದೂರ ಸರಿದು ಮಸುಕಾದ ಒಂದೇ ಬಣ್ಣದ ಹಿನ್ನೆಲೆಯಾಗುತ್ತದೆ. ನಿಂತು ಕೆಳಮುಖವಾಗಿ ತೆಗೆದ ಬಾತುಕೋಳಿಯ ಚಿತ್ರಕ್ಕೂ ನೀರಿನ ಮಟ್ಟದಿಂದ ತೆಗೆದ ಅದೇ ಬಾತುಕೋಳಿಯ ಚಿತ್ರಕ್ಕೂ ಇರುವ ಅಂತರವನ್ನು ಒಮ್ಮೆ ನೋಡಿದವರು ಬಟ್ಟೆಗೆ ಮಣ್ಣಾಗುವುದನ್ನು ಲೆಕ್ಕಿಸುವುದಿಲ್ಲ.

ರಜೆಯ ದಿನವೆಂದ ಮಾತ್ರಕ್ಕೆ ಇಡೀ ದಿನ ಕೈಯಲ್ಲಿದೆ ಎಂದಲ್ಲ. ಮನೆಯ ಕೆಲಸಗಳು ಕಾದಿರುತ್ತವೆ, ಬಾಕಿ ನಿದ್ದೆಯೂ ಕರೆಯುತ್ತದೆ. ಅದೃಷ್ಟವಶಾತ್ ಚಿತ್ರಕ್ಕೆ ಬೇಕಾದ ಬೆಳಕು ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆಗಳಲ್ಲೇ ಮುಗಿದುಹೋಗುತ್ತದೆ. ಆಗ ಓರೆಯಾಗಿ ಬೀಳುವ ಬಿಸಿಲು ಹಕ್ಕಿಯ ಕಣ್ಣಿನಲ್ಲಿ ಪ್ರತಿಫಲಿಸಿ ಅಲ್ಲೊಂದು ಬಿಳಿಯ ಚುಕ್ಕೆಯನ್ನು ಮೂಡಿಸುತ್ತದೆ. ಆ ಚುಕ್ಕೆಯಿಲ್ಲದ ಕಣ್ಣು ಚಿತ್ರದಲ್ಲಿ ಜೀವವಿಲ್ಲದಂತೆ ಕಾಣುತ್ತದೆ. ರಾತ್ರಿಯಿಡೀ ಉಪವಾಸವಿದ್ದ ಹಕ್ಕಿಗಳು ಆ ಹೊತ್ತಿನಲ್ಲಿ ಆಹಾರಕ್ಕಾಗಿ ಚುರುಕಾಗಿರುತ್ತವೆ, ಜನಸಂದಣಿಯೂ ಕಡಿಮೆ. ಬೆನ್ನಿಗೆ ಸೂರ್ಯ, ಎದುರಿಗೆ ಕೊಳ ಎಂಬ ಒಂದು ಜಾಗವನ್ನು ಗುರುತಿಟ್ಟುಕೊಂಡರೆ ಉದ್ಯಾನದ ಉಳಿದ ಭಾಗವನ್ನು ಸುತ್ತುವ ಅಗತ್ಯವೇ ಬೀಳದಿರಬಹುದು.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರ ಫಲ ಮಿಂಚುಳ್ಳಿಯ ವಿಷಯದಲ್ಲಿ ತೋರುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ತೋರುವುದಿಲ್ಲ. ಅದನ್ನು ಹುಡುಕಿಕೊಂಡು ದಡದುದ್ದಕ್ಕೂ ಅಲೆಯುವವರಿಗೆ ಸಿಗುವುದು ನೀಲಿ ಗೆರೆಯಂತೆ ದೂರ ಸಾಗುವ ಬೆನ್ನು ಮಾತ್ರ. ಆದರೆ ಅದಕ್ಕೆ ಮೆಚ್ಚಿನ ಕೊಂಬೆಗಳಿರುತ್ತವೆ, ಅವು ಕೆಲವೇ ಇರುತ್ತವೆ, ಮತ್ತು ಅವುಗಳ ಕೆಳಗಿನ ಎಲೆಗಳ ಮೇಲೆ ಬಿದ್ದ ಬಿಳಿಯ ಹಿಕ್ಕೆ ಅವು ಯಾವುವೆಂದು ಸುಳಿವು ಕೊಡುತ್ತದೆ. ಹಾರಿಹೋದ ಮಿಂಚುಳ್ಳಿಯ ಹಿಂದೆ ಹೋಗುವ ಬದಲು ಕೊಂಬೆಯ ಮೇಲೆ ಫೋಕಸ್ ಇಟ್ಟು ಕಾದರೆ ಅದು ತಾನಾಗಿಯೇ ಮರಳುತ್ತದೆ. ಬಾಯಲ್ಲಿ ಮೀನಿದ್ದರೆ ಅದನ್ನು ಕೊಂಬೆಗೆ ಬಡಿದು, ತಲೆ ಒಳಮುಖವಾಗುವಂತೆ ತಿರುಗಿಸಿ ನುಂಗುತ್ತದೆ. ಬಡಿಯುವ ಈ ಹೊತ್ತೇ ಚಿತ್ರಕ್ಕೆ ಸರಿಯಾದ ಅವಕಾಶ, ಏಕೆಂದರೆ ಆಗ ಅದರ ಗಮನವೆಲ್ಲ ಮೀನಿನ ಮೇಲಿರುತ್ತದೆ. ಕಾಜಾಣ ಮತ್ತು ಕಳ್ಳಿಪೀರಗಳೂ ಇದೇ ಜಾತಕದವು: ಹಾರಿ ಹುಳ ಹಿಡಿದು ಹೊರಟ ಜಾಗಕ್ಕೇ ಹಿಂದಿರುಗುತ್ತವೆ. ಗಾಳಿ ಬೀಸುತ್ತಿದ್ದರೆ ಹಕ್ಕಿಗಳು ಗಾಳಿಗೆ ಎದುರಾಗಿಯೇ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿಯೂ ಸೂರ್ಯನೂ ನಮ್ಮ ಬೆನ್ನ ಹಿಂದಿರುವ ಬೆಳಗು ಸಿಕ್ಕರೆ, ಇಳಿಯುವ ಹಕ್ಕಿ ರೆಕ್ಕೆ ಬಿಚ್ಚಿ, ಮೈತುಂಬ ಬೆಳಕು ಹೊತ್ತು ನಮ್ಮ ಮುಖಕ್ಕೇ ಬರುತ್ತದೆ. ಹಾರುವ ಮುನ್ನ ಕಾಲು ಮಡಿಸಿ ತಗ್ಗುವುದು, ಹಿಕ್ಕೆ ಹಾಕುವುದು ಇವೆಲ್ಲ ಮುನ್ಸೂಚನೆಗಳು. ಇಷ್ಟು ತಿಳಿದವರಿಗೆ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾದ ಹಂಗು ಕಡಿಮೆಯಾಗುತ್ತದೆ.

ಸಲಕರಣೆ ಮತ್ತು ಸೆಟ್ಟಿಂಗ್‌ಗಳ ಬಗ್ಗೆ ಸಲಹೆಗಳು ಎಲ್ಲೆಡೆ ಸಿಗುವುದರಿಂದ ನಾನು ಬಳಸುವುದನ್ನಷ್ಟೇ ಹೇಳಿ ಮುಂದೆ ಸಾಗುತ್ತೇನೆ. ಕುಳಿತ ಹಕ್ಕಿಗೆ ಸೆಕೆಂಡಿನ 1/500, ಹಾರುವ ಹಕ್ಕಿಗೆ 1/2000 ಅಥವಾ ಅದಕ್ಕೂ ಹೆಚ್ಚಿನ ಶಟರ್ ವೇಗ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಮಟ್ಟ) ಆಯ್ಕೆಯನ್ನು ಕ್ಯಾಮೆರಾಗೇ ಬಿಡುತ್ತೇನೆ, ಏಕೆಂದರೆ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಅನ್ನು ತಗ್ಗಿಸಬಹುದು, ಅಲುಗಿದ ಚಿತ್ರವನ್ನು ನಿಲ್ಲಿಸಲಾಗದು. ತೀರ ಹತ್ತಿರ ಹೋದಾಗ ಮಾತ್ರ ಒಂದು ಎಚ್ಚರಿಕೆ ಬೇಕು. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 300 ಎಂಎಂ ಲೆನ್ಸಿನ ಬೆಳಕಿನ ದ್ವಾರವನ್ನು ಎಫ್ 5.6ರಲ್ಲಿಟ್ಟು ಐದು ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ ಸ್ಫುಟವಾಗಿ ಕಾಣುವ ಆಳ ಸುಮಾರು ಆರು ಸೆಂಟಿಮೀಟರ್ ಮಾತ್ರ. ಕೊಕ್ಕಿನ ತುದಿಗೆ ಫೋಕಸ್ ಬಿದ್ದರೆ ಕಣ್ಣು ಮಸುಕಾಗುವ ಅಪಾಯವಿದೆ. 2020ರ ಸುಮಾರಿನಿಂದ ಬಂದಿರುವ ಅನೇಕ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಹಿಡಿಯುತ್ತವೆ. ಆದರೆ ಎದುರಿಗೆ ಹುಲ್ಲಿನ ಎಸಳೋ ಕಡ್ಡಿಯೋ ಬಂದರೆ ಅವೂ ತಬ್ಬಿಬ್ಬಾಗುವುದರಿಂದ, ಒಂದೇ ಬಿಂದುವಿನ ಫೋಕಸ್ ಅನ್ನು ಕೈಯಾರೆ ಕಣ್ಣಿನ ಮೇಲಿಡುವ ರೂಢಿಯನ್ನು ನಾನು ಬಿಟ್ಟಿಲ್ಲ.

ಬೆಳ್ಳಕ್ಕಿಯ ವಿಷಯಕ್ಕೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕು, ಏಕೆಂದರೆ ಉದ್ಯಾನದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಹಕ್ಕಿಯೂ ಅದೇ, ಎಲ್ಲಕ್ಕಿಂತ ಹೆಚ್ಚಾಗಿ ಕೆಡುವ ಚಿತ್ರವೂ ಅದರದೇ. ಕ್ಯಾಮೆರಾದ ಬೆಳಕಿನ ಮಾಪಕ ತಾನು ಕಂಡದ್ದೆಲ್ಲ ಒಟ್ಟಾರೆ ಬೂದುಬಣ್ಣವೆಂದು ಭಾವಿಸುತ್ತದೆ. ಕಪ್ಪು ನೀರಿನ ನಡುವೆ ನಿಂತ ಬಿಳಿಯ ಹಕ್ಕಿಯನ್ನು ಕಂಡಾಗ ಅದು ಇಡೀ ದೃಶ್ಯವನ್ನು ಬೆಳಗಿಸಹೊರಟು ಹಕ್ಕಿಯನ್ನು ಗರಿಯೇ ಇಲ್ಲದ ಬಿಳಿಯ ಹಾಳೆಯಾಗಿಸುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ತಗ್ಗಿಸಿದರೆ ಬೆನ್ನಿನ ಗರಿಗಳ ಎಳೆ ಎಳೆಯೂ ಉಳಿಯುತ್ತದೆ. ಬಾನಿನ ಎದುರಿಗೆ ಕುಳಿತ ಕಾಜಾಣಕ್ಕೆ ಇದರ ವಿರುದ್ಧ, ಅಲ್ಲಿ ಒಂದು ಸ್ಟಾಪ್ ಏರಿಸಬೇಕು. ಮೋಡ ಮುಸುಕಿದ ದಿನವೆಂದು ಮನೆಯಲ್ಲೇ ಉಳಿಯುವವರು ಈ ಎರಡು ಹಕ್ಕಿಗಳಿಗಾಗಿಯಾದರೂ ಹೊರಗೆ ಬರಬೇಕು. ನೆರಳಿಲ್ಲದ ಆ ಮೆದು ಬೆಳಕಿನಲ್ಲಿ ಬಿಳುಪೂ ಕಪ್ಪೂ ತಮ್ಮ ವಿವರ ಬಿಟ್ಟುಕೊಡುವಷ್ಟು ಚೆನ್ನಾಗಿ ಬಿಸಿಲಿನಲ್ಲಿ ಬಿಟ್ಟುಕೊಡುವುದಿಲ್ಲ.

ಬೆಳಿಗ್ಗೆ ಏಳಲಾಗದವರಿಗೂ ಉದ್ಯಾನ ಬಾಗಿಲು ಮುಚ್ಚುವುದಿಲ್ಲ. ಬಿಸಿಲೇರಿದಾಗ ಹಕ್ಕಿಗಳು ನೆರಳು ಸೇರುತ್ತವೆ, ಆದರೆ ಏರೋಪ್ಲೇನ್ ಚಿಟ್ಟೆಗಳು ಅದೇ ಹೊತ್ತಿಗೆ ಕೊಳದ ಅಂಚಿಗೆ ಬರುತ್ತವೆ. ಅವುಗಳಲ್ಲಿ ಹಲವು ಜಾತಿಗಳು ಮಿಂಚುಳ್ಳಿಯಂತೆಯೇ ಒಂದೇ ಕಡ್ಡಿಗೆ ಮರಳಿ ಬಂದು ಕೂರುತ್ತವೆ, ಕಾವು ಹೆಚ್ಚಾದಾಗ ಮೈಮೇಲೆ ಬೀಳುವ ಬಿಸಿಲನ್ನು ಕಡಿಮೆ ಮಾಡಿಕೊಳ್ಳಲು ಬಾಲವನ್ನು ಸೂರ್ಯನತ್ತ ನೆಟ್ಟಗೆ ಎತ್ತಿ ನಿಲ್ಲುತ್ತವೆ. ಒದ್ದೆ ಮಣ್ಣಿನ ಮೇಲೆ ಉಪ್ಪಿನಂಶ ಹೀರಲು ಗುಂಪುಗೂಡುವ ಚಿಟ್ಟೆಗಳಂತೂ ನೆಲಕ್ಕೆ ಮಲಗಿ ನೋಡುವವರನ್ನು ಲಕ್ಷಿಸುವುದೇ ಇಲ್ಲ. ಇಲ್ಲೂ ನೆರವಾಗುವುದು ಸಾಮೀಪ್ಯವೇ, ಅದು ಇಲ್ಲಿ ಕೈಯಳತೆಗೆ ಇಳಿಯುತ್ತದೆ ಅಷ್ಟೆ.

ಈ ಸಲಿಗೆಯನ್ನು ದುರುಪಯೋಗಪಡಿಸಿಕೊಳ್ಳುವುದೂ ಅಷ್ಟೇ ಸುಲಭ ಎಂಬುದೇ ನನ್ನ ತಕರಾರು. ಹಕ್ಕಿ ಹಾರಲಿಲ್ಲವೆಂದರೆ ಅದು ನೆಮ್ಮದಿಯಿಂದಿದೆ ಎಂದೇ ಅರ್ಥವಲ್ಲ. ಮೊಟ್ಟೆಗೆ ಕಾವು ಕೊಡುತ್ತಿರುವ ಹಕ್ಕಿ ಹೆದರಿಕೆಯಲ್ಲೂ ಕೂತೇ ಇರಬಹುದು. ಗೂಡಿನ ಚಿತ್ರಗಳನ್ನು ನಾನು ತೆಗೆಯುವುದಿಲ್ಲ. ಕೀರ್ಟನ್ ಸಹೋದರರ ಕಾಲಕ್ಕೆ ಅದು ಹೊಸ ಜ್ಞಾನವಾಗಿತ್ತು, ಈಗ ಅದರಿಂದ ತಿಳಿಯುವುದು ಅಲ್ಪ. ಗೂಡಿಗೆ ಅಡ್ಡವಾದ ರೆಂಬೆಯನ್ನು ಚಿತ್ರಕ್ಕಾಗಿ ಸರಿಸಿದರೆ ಬಿಸಿಲಿಗೂ ಕಾಗೆಗಳ ಕಣ್ಣಿಗೂ ದಾರಿ ತೆರೆದಂತಾಗುತ್ತದೆ. ಮಿಂಚುಳ್ಳಿ ಮೀನಿನ ತಲೆಯನ್ನು ಒಳಮುಖವಾಗಿಸದೆ ಹೊರಮುಖವಾಗಿ ಕಚ್ಚಿಕೊಂಡು ಕುಳಿತಿದ್ದರೆ ಅದು ಸಂಗಾತಿಗೋ ಮರಿಗೋ ಕೊಡಲು ಹೊರಟಿದೆ ಎಂದು ತಿಳಿಯಬಹುದು, ಮತ್ತು ಆಗ ಅದರ ದಾರಿಯಲ್ಲಿ ನಾವು ಕುಳಿತಿರಬಾರದು. ಫೋನಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಹೊರಗೆಳೆಯುವುದು ಇನ್ನೊಂದು ಚಾಳಿ. ಇಲ್ಲದ ಎದುರಾಳಿಯನ್ನು ಹುಡುಕುತ್ತ ಹಕ್ಕಿ ತನ್ನ ಬೆಳಗಿನ ಊಟದ ಹೊತ್ತನ್ನು ಕಳೆದುಕೊಳ್ಳುತ್ತದೆ. ಜನರ ಓಡಾಟ ಹೆಚ್ಚಿರುವ ಉದ್ಯಾನದಲ್ಲಿ ಒಬ್ಬರ ಹಿಂದೆ ಒಬ್ಬರು ಇದನ್ನೇ ಮಾಡಿದರೆ ಅದರ ಗತಿಯೇನು? ತಿಂಡಿ ಎಸೆದು ಕರೆಯುವುದೂ ನನಗೆ ಒಪ್ಪಿಗೆಯಿಲ್ಲ, ಅಂಥ ಚಿತ್ರಗಳಲ್ಲಿ ಜೀವಿಯ ನೋಟವೇ ಭಿಕ್ಷುಕನ ನೋಟವಾಗಿರುತ್ತದೆ.

ಮನೆಗೆ ಬಂದ ಮೇಲೆ ಉಳಿಯುವುದು ಆಯ್ಕೆಯ ಕೆಲಸ. ಕಣ್ಣು ಸ್ಫುಟವಾಗಿಲ್ಲದ ಚಿತ್ರಗಳನ್ನು ಮೊದಲ ಸುತ್ತಿನಲ್ಲೇ ಅಳಿಸುತ್ತೇನೆ, ಆದರೆ ಜೀವಿಯ ಗುರುತು ಹತ್ತುವ ಒಂದೊಂದು ಚಿತ್ರವನ್ನು, ಅದು ಎಷ್ಟೇ ಸಾಧಾರಣವಾಗಿದ್ದರೂ, ದಿನಾಂಕದೊಡನೆ ಉಳಿಸಿಕೊಳ್ಳುತ್ತೇನೆ. ಕಾರಣವಿದೆ. 2002ರಲ್ಲಿ ಆರಂಭವಾದ ಇಬರ್ಡ್ ಮತ್ತು 2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್ ಎಂಬ ಜಾಲತಾಣಗಳು ಇಂಥ ಸಾಧಾರಣ ದಾಖಲೆಗಳನ್ನೇ ಸ್ವೀಕರಿಸುತ್ತವೆ. ಅಪರೂಪದ ಹಕ್ಕಿಯ ಹಿಂದೆ ಹೋಗುವವರು ಬಹಳ ಜನ. ಒಂದೇ ಉದ್ಯಾನದ ಗೊರವಂಕವನ್ನೂ ಓತಿಕ್ಯಾತವನ್ನೂ ವರ್ಷವರ್ಷವೂ ದಾಖಲಿಸುವವರು ಕಡಿಮೆ, ಮತ್ತು ಸಾಮಾನ್ಯ ಜೀವಿಯೊಂದು ವಿರಳವಾಗತೊಡಗಿದ್ದು ಗೊತ್ತಾಗಬೇಕಾದರೆ ಅದು ಹೇರಳವಾಗಿದ್ದ ಕಾಲದ ದಾಖಲೆ ಎಲ್ಲೋ ಇರಬೇಕು. ಐನ್ಯಾಚುರಲಿಸ್ಟ್ ಅಳಿವಿನಂಚಿನ ಜೀವಿಗಳ ನಿಖರ ಸ್ಥಳವನ್ನು ತಾನಾಗಿಯೇ ಮರೆಮಾಡುತ್ತದೆ, ಬೇಕೆಂದರೆ ನಾವೂ ಬೇರೆ ಜೀವಿಗಳಿಗೆ ಹಾಗೆ ಮಾಡಬಹುದು. ಬೇರೆಡೆ ಚಿತ್ರ ಹಂಚುವಾಗ ಆ ಅನುಕೂಲ ಇರಲಿಕ್ಕಿಲ್ಲ. ಫೋನಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ಜಿಪಿಎಸ್ ಸ್ಥಳವೂ ಅಡಗಿರಬಹುದಾದ್ದರಿಂದ, ಹಗಲಿನಲ್ಲಿ ಪೊಟರೆಯಲ್ಲಿ ಮಲಗುವ ಗೂಬೆಯಂಥ ಜೀವಿಯ ಚಿತ್ರವನ್ನು ಯಾರಿಗಾದರೂ ಕಳುಹಿಸುವ ಮುನ್ನ ಆ ವಿವರವನ್ನು ತೆಗೆದುಹಾಕುತ್ತೇನೆ, ಮರ ಯಾವುದೆಂದು ಕೇಳಿದವರಿಗೆ ಉದ್ಯಾನದ ಹೆಸರನ್ನೂ ಹೇಳುವುದಿಲ್ಲ.