13 ಮಿಲಿಮೀಟರ್

ಆ ಸದ್ದು ಮೊದಲು ಕೇಳಿಸಿದ್ದು ಅಮ್ಮನಿಗೆ. "ಹಿಂದೆ ಏನೋ ಉಜ್ಜಿದ ಹಾಗಿದೆ, ನಿಲ್ಸಿ ನೋಡು" ಅಂದರು. ಕಾರಿನಲ್ಲಿ ಐದು ಜನ ಇದ್ದೆವು. ಡಿಕ್ಕಿ ತುಂಬ ಬ್ಯಾಗುಗಳು. ನಾನು ಕಿವಿಗೊಟ್ಟು ಓಡಿಸಿದೆ. ಮುಂದಿನ ಹಂಪ್ ಇಳಿದ ಕೂಡಲೇ ಹಿಂಬದಿಯಿಂದ 'ಜರ್' ಅಂತ ಕೇಳಿಸಿತು. ಹೊಸ ಟೈರ್ ಹಾಕಿಸಿ ಮೂರೇ ದಿನ ಆಗಿತ್ತು.

ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿದೆ. ಹಿಂದಿನ ಟೈರಿನ ಹೊರ ಅಂಚಿನಲ್ಲಿ ಸುತ್ತಲೂ ಒಂದು ಗೀರು ಬಿದ್ದಿತ್ತು. ಬೆರಳಿಟ್ಟರೆ ರಬ್ಬರಿನ ಪುಡಿ ಅಂಟಿತು. ಎದೆ ಧಸಕ್ಕೆಂದಿತು. ಟೈರಿನ ಪಕ್ಕದ ಗೋಡೆ ತುಂಬಾ ತೆಳು. ಅಲ್ಲಿ ಹೀಗೇ ಉಜ್ಜುತ್ತಾ ಹೋದರೆ ಒಳಗಿನ ದಾರದ ಪದರ ಹೊರಬರುತ್ತದೆ, ಆಮೇಲೆ ಟೈರ್ ಯಾವಾಗ ಸಿಡಿಯುತ್ತದೋ ಹೇಳುವುದಕ್ಕಾಗುವುದಿಲ್ಲ. ನಮ್ಮಲ್ಲಿ ಇಬ್ಬರನ್ನೂ ಒಂದಷ್ಟು ಬ್ಯಾಗುಗಳನ್ನೂ ಅಣ್ಣನ ಕಾರಿಗೆ ಕಳಿಸಿ, ಉಳಿದ ದಾರಿಯನ್ನು ನಿಧಾನವಾಗಿ ಸಾಗಿಸಿದೆ.

ಕಾರಿಗೆ ಮೊದಲಿಂದ ಇದ್ದದ್ದು 185/65 ಆರ್15 ಅಳತೆಯ ಟೈರ್. 185 ಅಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ, ಕೊನೆಯ 15 ಅಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ನಾನು ಆಸೆಪಟ್ಟು ಹಾಕಿಸಿದ್ದು 205/65 ಆರ್15. ರಿಮ್ ಅದೇ ಅಲ್ವಾ, ಸ್ವಲ್ಪ ಅಗಲ ಜಾಸ್ತಿ ಅಷ್ಟೇ ಅಂದುಕೊಂಡಿದ್ದೆ. ಆ 65 ಅನ್ನುವುದು ಮಿಲಿಮೀಟರ್ ಅಲ್ಲ, ಶೇಕಡಾ ಲೆಕ್ಕ ಅನ್ನುವುದನ್ನು ಆಗ ಗಮನಿಸಿರಲಿಲ್ಲ. ಟೈರಿನ ಅಗಲದ ಶೇ 65ರಷ್ಟು ಅದರ ಗೋಡೆಯ ಎತ್ತರ. ಅಗಲ ಬೆಳೆದರೆ ಎತ್ತರವೂ ಬೆಳೆಯುತ್ತದೆ.

ಅವತ್ತು ರಾತ್ರಿ ಕಾಗದ ಹಿಡಿದು ಕೂತೆ. 15 ಇಂಚಿನ ರಿಮ್ ಅಂದರೆ 381 ಮಿಲಿಮೀಟರ್. ಹಳೆಯ ಟೈರಿನ ಗೋಡೆ 120.25, ಮೇಲೆ ಕೆಳಗೆ ಎರಡೂ ಸೇರಿ 240.5. ಒಟ್ಟು ವ್ಯಾಸ 621.5. ಹೊಸದರದ್ದು 647.5. ವ್ಯಾಸದಲ್ಲಿ 26, ಅಂದರೆ ಟೈರಿನ ನೆತ್ತಿ ಮಡ್‌ಗಾರ್ಡಿಗೆ 26 ಮಿಲಿಮೀಟರ್ ಹತ್ತಿರ! ನೆಲದಿಂದ ಚಕ್ರದ ನಡುವಿನವರೆಗೆ 13, ನಡುವಿನಿಂದ ಮೇಲಕ್ಕೆ ಇನ್ನೊಂದು 13 ಅಂತ ಮೊದಲು ಹೀಗೇ ಕೂಡಿಸಿದ್ದೆ. ಅದು ತಪ್ಪು. ನಡುವಿನಿಂದ ಕೆಳಗೆ ಬೆಳೆದ 13 ಇಡೀ ಕಾರನ್ನೇ ಎತ್ತುತ್ತದೆ. ಮಡ್‌ಗಾರ್ಡಿನ ಸಂದಿಯನ್ನು ತಿನ್ನುವುದು ಮೇಲಿನ 13 ಮಾತ್ರ. ಅದರ ಜೊತೆಗೆ ಅಗಲ ಒಳಕ್ಕೂ ಹೊರಕ್ಕೂ ಸುಮಾರು ಹತ್ತು ಹತ್ತು ಜಾಸ್ತಿ. ಸ್ಪೀಡೋಮೀಟರ್ ಕೂಡ ಮೊದಲಿಗಿಂತ ಶೇ 4ರಷ್ಟು ಕಡಿಮೆ ತೋರಿಸುತ್ತಿತ್ತು, ಅದು ನಂಗೆ ಆಮೇಲೆ ಹೊಳೆಯಿತು.

ಮರುದಿನ ವರ್ಕ್‌ಶಾಪಿನಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಸೀಮೆಸುಣ್ಣ ತಂದರು. ಚಕ್ರದ ಗೂಡಿನೊಳಗಿನ ಪ್ಲಾಸ್ಟಿಕ್ಕಿಗೂ ಮಡ್‌ಗಾರ್ಡಿನ ಮಡಚಿದ ಅಂಚಿಗೂ ದಪ್ಪಗೆ ಬಳಿದರು. ನಾಲ್ಕು ಜನರನ್ನು ಕೂರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಹೋಗಿ, ಒಂದು ಹಂಪ್ ದಾಟಿಸಿದರು. ಸುಣ್ಣ ಎಲ್ಲೆಲ್ಲಿ ಅಳಿಸಿದೆಯೋ ಅಲ್ಲೆಲ್ಲ ಟೈರ್ ತಾಗಿದೆ! ಮುಂದೆಯೂ ತಾಗಿತ್ತು. ರಿವರ್ಸ್‌ನಲ್ಲಿ ಪೂರ್ತಿ ತಿರುಗಿಸಿದಾಗ ಗೂಡಿನ ಹಿಂಭಾಗದ ಪ್ಲಾಸ್ಟಿಕ್ ಸವೆದು ಹೊಳೆಯುತ್ತಿತ್ತು.

"ಸಾರ್, ಖಾಲಿ ಕಾರು ನೇರವಾಗಿ ನಿಂತಾಗ ಎಲ್ಲ ಟೈರೂ ಸರಿ ಕೂರುತ್ತೆ" ಅಂದರು. ಆಮೇಲೆ ಒಳಬದಿಗೆ ಟಾರ್ಚ್ ಹಿಡಿದರು. ಟೈರಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ನನ್ನ ಕಿರುಬೆರಳೂ ತೂರಲಿಲ್ಲ. ಹೊರಗಡೆಯ ಸಂದಿಯನ್ನೇ ಎಲ್ಲರೂ ನೋಡುತ್ತೇವೆ, ಒಳಗಿನದು ಕಣ್ಣಿಗೆ ಬೀಳುವುದೇ ಇಲ್ಲ. ಅಲಾಯ್ ರಿಮ್ ಬದಲಾಯಿಸುವವರು ಅದರ ಆಫ್‌ಸೆಟ್, ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕೆ ಎಷ್ಟು ಮಿಲಿಮೀಟರ್ ಅನ್ನುವುದನ್ನು ನೋಡಬೇಕು ಅಂತಲೂ ಹೇಳಿದರು. ರಿಮ್ಮಿನ ಮೇಲೆ ಅದನ್ನು ಇಟಿ ಅಂತ ಬರೆದಿರುತ್ತಾರೆ. ಇಟಿ 45 ಇದ್ದ ಜಾಗಕ್ಕೆ ಅಷ್ಟೇ ಅಗಲದ ಇಟಿ 35 ಹಾಕಿದರೆ ಟೈರ್ ಅದೇ ಇದ್ದರೂ ಚಕ್ರ 10 ಮಿಲಿಮೀಟರ್ ಹೊರಕ್ಕೆ ಬರುತ್ತದೆ.

ಮಡ್‌ಗಾರ್ಡಿನ ಅಂಚು ಮಡಚಿಸು, ಸ್ಪ್ರಿಂಗಿಗೆ ರಬ್ಬರ್ ತುರುಕು ಅಂತ ಗೆಳೆಯರು ಹೇಳಿದರು. ನನಗೆ ಎರಡೂ ಬೇಡವಾಯಿತು. ಟೈರ್ ತಪ್ಪಾದರೆ ಟೈರನ್ನೇ ಬದಲಾಯಿಸಬೇಕು, ಅದಕ್ಕಾಗಿ ಕಾರನ್ನು ಬಗ್ಗಿಸಬಾರದು.

195/60 ಆರ್15 ಆರಿಸಿದೆ. ವ್ಯಾಸ 615, ಹಳೆಯದಕ್ಕಿಂತ ಶೇ 1ರಷ್ಟು ಕಡಿಮೆ. ಅಗಲ ಎರಡೂ ಕಡೆ ಐದೈದು ಮಾತ್ರ ಜಾಸ್ತಿ. ಲೋಡ್ ಇಂಡೆಕ್ಸ್ ಹಳೆಯದರಷ್ಟೇ, 88. ಅಂದರೆ ಒಂದು ಟೈರ್ 560 ಕೆಜಿ ಹೊರುತ್ತದೆ. ನೆಲದಿಂದ ಎತ್ತರ ಮೂರು ಮಿಲಿಮೀಟರ್ ಚಿಲ್ಲರೆ ಇಳಿಯಿತು, ಇಳಿಯಲಿ.

ಮತ್ತೆ ಸೀಮೆಸುಣ್ಣ ಬಳಿದೆವು. ಅದೇ ನಾಲ್ಕು ಜನ, ಅದೇ ಹಂಪ್. ಇಳಿದು ಟಾರ್ಚ್ ಹಾಕಿ ನೋಡಿದೆ. ಸುಣ್ಣ ಬಳಿದ ಹಾಗೇ ಬೆಳ್ಳಗಿತ್ತು.