ಕೆಲಸ ಕಳೆದುಕೊಂಡವರಿಗೆ ವಕೀಲಿಕೆಯ ಸನ್ನದು

ಕಂಪನಿಯಲ್ಲಿ ಕೆಲಸ ಹೋದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಸೇರಬೇಕೆಂದಿರುವವರು ನನ್ನನ್ನು ಮೊದಲು ಕೇಳುವುದು, ‘ಕೆಲಸದಿಂದ ತೆಗೆದಿದ್ದಾರೆಂಬ ಕಾರಣಕ್ಕೆ ನಾಳೆ ವಕೀಲರ ಪರಿಷತ್ತು ಸನ್ನದು (ವಕೀಲಿಕೆ ನಡೆಸುವ ಪರವಾನಗಿ) ನಿರಾಕರಿಸಿದರೆ?’ ಎಂದು. ನಾನೂ ಅದೇ ದಾರಿಯಲ್ಲಿ ಬಂದವನಾದ್ದರಿಂದ ಈ ಭಯ ನನಗೆ ಹೊಸದಲ್ಲ. ಆದರೆ ಇದಕ್ಕೆ ಕಾನೂನಿನಲ್ಲಿ ಹೆಚ್ಚಿನ ಆಧಾರವಿಲ್ಲ.

1961ರ ವಕೀಲರ ಕಾಯ್ದೆಯ 24ಎ ಕಲಂ, ಸನ್ನದಿಗೆ ಯಾರು ಅನರ್ಹರೆಂದು ಹೇಳುವಾಗ ನೌಕರಿಯ ವಿಷಯವನ್ನು ಒಂದೇ ಕಡೆ ಎತ್ತುತ್ತದೆ: ನೈತಿಕ ಅಧಃಪತನದ ಆರೋಪದ ಮೇಲೆ ‘ರಾಜ್ಯ’ದ ಅಧೀನದ ನೌಕರಿಯಿಂದ ವಜಾಗೊಂಡವರು ಅಥವಾ ತೆಗೆದುಹಾಕಲ್ಪಟ್ಟವರು. ಇಲ್ಲಿ ‘ರಾಜ್ಯ’ಕ್ಕೆ ಸಂವಿಧಾನದ 12ನೇ ವಿಧಿಯ ಅರ್ಥವಿರುವುದರಿಂದ ಸರ್ಕಾರದ ನಿಗಮಗಳೂ ಅದರೊಳಗೆ ಬರುತ್ತವೆ. ಸಾರಿಗೆ ನಿಗಮದ ನಿರ್ವಾಹಕರೊಬ್ಬರು ಟಿಕೆಟ್ ಹಣ ನುಂಗಿದ ಆರೋಪದಲ್ಲಿ ವಜಾಗೊಂಡಿದ್ದರೆ ಈ ಕಲಂ ಅಡ್ಡ ಬರಬಹುದು. ಖಾಸಗಿ ಕಂಪನಿ ವೆಚ್ಚ ಕಡಿತದ ಹೆಸರಿನಲ್ಲಿ ಮನೆಗೆ ಕಳುಹಿಸಿದವರಿಗೆ ಇದು ಅನ್ವಯಿಸುವುದೇ ಇಲ್ಲ. ವಜಾ ಆಗಿ ಎರಡು ವರ್ಷ ಕಳೆದರೆ ಈ ಅನರ್ಹತೆಯೂ ತೀರಿಹೋಗುತ್ತದೆ, ಎಲ್‌ಎಲ್‌ಬಿ ಮುಗಿಯುವುದಕ್ಕೋ ಮೂರು ವರ್ಷ ಬೇಕು. ಲೆಕ್ಕ ಹಾಕಿ ನೋಡಿ.

ನಿಜವಾದ ಅಪಾಯವಿರುವುದು ಮುಚ್ಚಿಡುವುದರಲ್ಲಿ. ಮುಖ್ಯ ಸಂಗತಿಯೊಂದನ್ನು ತಪ್ಪಾಗಿ ಹೇಳಿ ಸನ್ನದು ಪಡೆದವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವ ಅಧಿಕಾರವನ್ನು 26ನೇ ಕಲಮಿನ ಪರಂತುಕ (ಕಲಮಿಗೆ ಜೋಡಿಸಿದ ಷರತ್ತು) ಭಾರತೀಯ ವಕೀಲರ ಪರಿಷತ್ತಿಗೆ ಕೊಟ್ಟಿದೆ. ಅರ್ಜಿಯಲ್ಲಿ ಹಿಂದಿನ ನೌಕರಿಯ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ರಿಲೀವಿಂಗ್ ಲೆಟರ್ ಕೊಡದೆ ಸತಾಯಿಸುವ ಕಂಪನಿಗಳಿಗೆ ಬರೆದ ಮೇಲ್‌ಗಳನ್ನೂ ಜೋಪಾನವಾಗಿಡಬೇಕು.

ಅಲ್ಲದೆ, ಪೂರ್ಣಾವಧಿ ಸಂಬಳದ ನೌಕರಿಯಲ್ಲಿದ್ದುಕೊಂಡು ವಕೀಲಿಕೆ ನಡೆಸುವಂತಿಲ್ಲವೆಂದು ಪರಿಷತ್ತಿನ 49ನೇ ನಿಯಮ ಹೇಳುತ್ತದೆ. ಅಂದರೆ ಎಂದಾದರೂ ಬಿಡಲೇಬೇಕಿದ್ದ ನೌಕರಿ ಸ್ವಲ್ಪ ಮುಂಚೆಯೇ ಹೋಗಿದೆ. ವಯಸ್ಸಿನ ಚಿಂತೆಯೂ ಬೇಡ: 45 ದಾಟಿದವರಿಗೆ ಸನ್ನದಿಲ್ಲವೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 1995ರಲ್ಲೇ ರದ್ದುಪಡಿಸಿದೆ.

ಕಷ್ಟವಿರುವುದು ಹಣದ್ದು. ಸಾಮಾನ್ಯ ವರ್ಗದವರ ನೋಂದಣಿ ಶುಲ್ಕ 750 ರೂಪಾಯಿ ಮೀರಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪಿತ್ತದ್ದು ದೊಡ್ಡ ಉಪಕಾರವೇ ಸರಿ. ಆದರೆ ಸಂಬಳವಿಲ್ಲದ ಮೂರು ವರ್ಷಗಳ ನಂತರ ಜೂನಿಯರ್ ಆಗಿ ಕಳೆಯುವ ವರ್ಷಗಳೂ ಇವೆಯಲ್ಲ! ನಗರಗಳಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮಾಂತರದಲ್ಲಿ 15,000 ಕೊಡಿರೆಂದು ಪರಿಷತ್ತು ಅದೇ ವರ್ಷ ಸುತ್ತೋಲೆ ಹೊರಡಿಸಿತಾದರೂ ಅದು ಸಲಹೆಯೇ ಹೊರತು ಕಡ್ಡಾಯವಲ್ಲ. ನ್ಯಾಯಾಧೀಶರಾಗುವ ಆಸೆಯುಳ್ಳವರು ಇನ್ನೊಂದನ್ನು ಗಮನಿಸಬೇಕು: ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷಗಳ ವಕೀಲಿಕೆ ಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮರಳಿ ತಂದಿದೆ. ತಡವಾಗಿ ಓದಲು ಬಂದವರಿಗೆ ಅಲ್ಲಿನ ವಯೋಮಿತಿ ಬಿಗಿಯಾಗುತ್ತದೆ.

ಇಷ್ಟರ ನಡುವೆಯೂ ಹೋದ ಕೆಲಸ ಕೊಟ್ಟುಹೋದದ್ದೊಂದಿದೆ. ಕಾರ್ಮಿಕ ನ್ಯಾಯಾಲಯದ ಪ್ರಕರಣವೊಂದರಲ್ಲಿ ಆಡಳಿತದ ಕಡೆಯ ಸಾಕ್ಷಿ, ‘ಇವರೆಲ್ಲ ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟವರು’ ಎಂದು ಪ್ರಮಾಣಪತ್ರ ಸಲ್ಲಿಸಿದಾಗ, ಆ ರಾಜೀನಾಮೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೇ ದಿನಾಂಕ, ಒಂದೇ ಒಕ್ಕಣೆ, ‘ವೈಯಕ್ತಿಕ ಕಾರಣಗಳಿಂದ’ ಎಂಬುದು ಪ್ರತಿ ಹಾಳೆಯಲ್ಲೂ ಎರಡನೇ ಸಾಲಿನಲ್ಲಿ. ಹೆಸರು ಮತ್ತು ಟೋಕನ್ ನಂಬರ್ ಮಾತ್ರ ಪೆನ್ನಿನಲ್ಲಿ ತುಂಬಿದ್ದು. ಅಂಥದೇ ಹಾಳೆಯನ್ನು ಹಿಂದೊಮ್ಮೆ ನನ್ನ ಮುಂದೆಯೂ ಇಟ್ಟಿದ್ದರು. ಪಾಟೀಸವಾಲಿನಲ್ಲಿ ಸೀನಿಯರ್ ಮೊದಲು ಕೇಳಿದ್ದು ಆ ಎರಡನೇ ಸಾಲನ್ನೇ.

ಸೀನಿಯರ್‌ಗಳು ಸಂದರ್ಶನದಲ್ಲಿ ನಡುವಿನ ಖಾಲಿ ವರ್ಷದ ಬಗ್ಗೆ ಕೇಳಿಯೇ ಕೇಳುತ್ತಾರೆ. ‘ಕಂಪನಿ ಜನರನ್ನು ತೆಗೆಯಿತು, ಅದರಲ್ಲಿ ನಾನೂ ಒಬ್ಬ’ ಎಂದು ಹೇಳಿದರೆ ಸಾಕು, ಕಂಪನಿಯನ್ನು ದೂರುತ್ತ ಕೂರುವ ಅಗತ್ಯವಿಲ್ಲ. ಅವರ ಮುಂದಿನ ಪ್ರಶ್ನೆ, ಬೆಳಿಗ್ಗೆ ಎಷ್ಟು ಗಂಟೆಗೆ ಕಚೇರಿಗೆ ಬರುತ್ತೀರಿ, ಕನ್ನಡದಲ್ಲಿ ದಾವೆ ಕರಡು ಮಾಡಲು ಬರುತ್ತದೆಯೇ ಎಂಬುದೇ ಆಗಿರುತ್ತದೆ.