87 ಕಿಲೋದಲ್ಲಿ ನಿಂತ ತೂಕ: ಸ್ಲೀವ್ ಶಸ್ತ್ರಚಿಕಿತ್ಸೆಯಾಗಿ ಸುಮಾರು ಎಂಟು ತಿಂಗಳ ನಂತರದ 18 ವಾರಗಳ ದಾಖಲೆ

ಮಾರ್ಚ್ 30, 2025, ಯುಗಾದಿ. ತೂಕ 87.6 ಕಿಲೋ

ಕಳೆದ ವರ್ಷ ಜೂನ್‌ನಲ್ಲಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ (ಹೊಟ್ಟೆಯ ಬಹುಭಾಗವನ್ನು ತೆಗೆದು ಕಿರಿದಾದ ಕೊಳವೆಯಂತಾಗಿಸುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡಾಗ ನನ್ನ ತೂಕ 118 ಕಿಲೋ ಇತ್ತು. ಎತ್ತರ 158 ಸೆಂಟಿಮೀಟರ್ ಆಗಿರುವುದರಿಂದ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, 47 ದಾಟಿತ್ತು. ಫೆಬ್ರವರಿ 9ರ ಭಾನುವಾರ 87.4ಕ್ಕೆ ಇಳಿದಿದ್ದ ತೂಕ ಅಲ್ಲಿಂದ ಇಂದಿನವರೆಗೆ, ಏಳು ವಾರಗಳ ಕಾಲ, 87.2 ಮತ್ತು 87.9ರ ನಡುವೆಯೇ ಓಡಾಡುತ್ತಿದೆ. ಪ್ರತಿ ಭಾನುವಾರ ಬೆಳಿಗ್ಗೆ, ಏನೂ ಸೇವಿಸುವ ಮೊದಲು, ಅದೇ ನೈಟಿಯಲ್ಲಿ, ಅದೇ ಯಂತ್ರದ ಮೇಲೆ ನಿಂತು ಬರೆದುಕೊಂಡ ಅಂಕಿಗಳಿವು.

ಇದಕ್ಕೂ ಮೊದಲು ಒಮ್ಮೆ ತೂಕ ನಿಂತದ್ದುಂಟು. ಶಸ್ತ್ರಚಿಕಿತ್ಸೆಯಾದ ಮೂರನೆಯ ವಾರದಲ್ಲಿ ಹತ್ತು ದಿನ ಒಂದು ಗ್ರಾಂ ಕೂಡ ಇಳಿಯಲಿಲ್ಲ. ಆಗ ಆಹಾರತಜ್ಞೆ ಕಾರಣವನ್ನು ಬಿಡಿಸಿ ಹೇಳಿದ್ದರು: ಮೊದಲ ದಿನಗಳಲ್ಲಿ ದೇಹ ತಾನು ಕೂಡಿಟ್ಟ ಗ್ಲೈಕೋಜನ್ ಅನ್ನು, ಅಂದರೆ ಸಕ್ಕರೆಯ ದಾಸ್ತಾನನ್ನು, ಖರ್ಚು ಮಾಡುತ್ತದೆ, ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಹೊರಹೋಗುವುದರಿಂದ ತೂಕ ದಡದಡನೆ ಇಳಿಯುತ್ತದೆ, ಆಹಾರ ತುಸು ಹೆಚ್ಚಾದೊಡನೆ ಆ ನೀರು ಮರಳಿ ಸೇರುವುದರಿಂದ, ಕೊಬ್ಬು ಕರಗುತ್ತಿದ್ದರೂ ಯಂತ್ರದಲ್ಲಿ ಕಾಣುವುದಿಲ್ಲ. ಅದು ತಾನಾಗಿ ಸರಿಹೋಯಿತು. ಆದರೆ ಏಳು ವಾರಗಳ ಈ ನಿಲುಗಡೆಗೆ ನೀರಿನ ಲೆಕ್ಕ ಹೊಂದುವುದಿಲ್ಲ.

ಮಾರ್ಚ್ ಆರಂಭದಲ್ಲಿ ತಪಾಸಣೆಗೆಂದು ಹೋದಾಗ ಐದು ನಿಮಿಷದಲ್ಲಿ ಸಿಕ್ಕ ಸಲಹೆ, "ಇನ್ನೂ ಸ್ವಲ್ಪ ಕಡಿಮೆ ತಿನ್ನಿ" ಎಂಬುದಷ್ಟೇ. ನಾನು ಅದನ್ನು ಶ್ರದ್ಧೆಯಿಂದ ಪಾಲಿಸಿದೆ. ರಾತ್ರಿಯ ಊಟ ಬಿಟ್ಟೆ, ಬೆಳಿಗ್ಗೆ ಒಂದೇ ಇಡ್ಲಿಗೆ ಇಳಿದೆ. ಎರಡು ವಾರಗಳಲ್ಲಿ ಆದದ್ದು ಇಷ್ಟು: ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂತು, ಬಾಚಣಿಗೆಯ ತುಂಬ ಕೂದಲು ಬರತೊಡಗಿತು, ತೂಕ ಅಲ್ಲೇ ಉಳಿಯಿತು. ಹೊಟ್ಟೆಯ ಮುಕ್ಕಾಲು ಭಾಗವನ್ನೇ ತೆಗೆಸಿಕೊಂಡವಳಿಗೆ ಇನ್ನೂ ಕಡಿಮೆ ತಿನ್ನುವುದು ದಾರಿಯಾಗಲಾರದು ಎಂದು ನನಗೆ ಈಗ ಖಚಿತವಾಗಿದೆ. ಇಂದಿನಿಂದ ತಿಂದದ್ದನ್ನೆಲ್ಲ ತೂಗಿ ಬರೆಯುತ್ತೇನೆ.

ಏಪ್ರಿಲ್ 6. ತೂಕ 87.5 ಕಿಲೋ

ಒಂದು ವಾರದ ಲೆಕ್ಕ ನೋಡಿ ನನಗೇ ಆಶ್ಚರ್ಯವಾಯಿತು. ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಬೇಕೆಂದು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಬರೆದುಕೊಟ್ಟಿದ್ದರು. ನಾನು ತಿನ್ನುತ್ತಿದ್ದದ್ದು ಸರಾಸರಿ 41 ಗ್ರಾಂ. ಮೊದಲ ಮೂರು ತಿಂಗಳು ಪ್ರೊಟೀನ್ ಪುಡಿಯನ್ನು ತಪ್ಪದೆ ಕುಡಿದಿದ್ದೆ. ಮನೆಯವರೊಡನೆ ಕುಳಿತು ಊಟ ಮಾಡಲು ಆರಂಭಿಸಿದ ಮೇಲೆ ಅದು ಯಾವಾಗ ನಿಂತಿತೋ ನೆನಪಿಲ್ಲ. ನಮ್ಮ ಊಟದಲ್ಲಿ ಅನ್ನ ಮತ್ತು ಮುದ್ದೆ ಮುಂದೆ ಇರುತ್ತವೆ, ಬೇಳೆ ಸಾರಿನಲ್ಲಿ ಕರಗಿಹೋಗಿರುತ್ತದೆ. ರಾಗಿಯ ಬಗ್ಗೆ ನನಗೆ ಅಪಾರ ಪ್ರೀತಿಯಿದ್ದರೂ, ಅದರಲ್ಲಿ ನೂರು ಗ್ರಾಮಿಗೆ ಪ್ರೊಟೀನ್ ಸುಮಾರು ಏಳು ಗ್ರಾಂ ಮಾತ್ರ. ಹುರುಳಿಯಲ್ಲಿ ಅದರ ಮೂರರಷ್ಟಿದೆ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ಎರಡು ದಿನ, ಒಂದೇ ಹೊತ್ತಿಗೆ, ಒಂದೇ ಬಟ್ಟಲಿನಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆ. ನೀರು ಹಿಡಿದರೆ 200 ಮಿಲಿಲೀಟರ್ ಆಗುವ ಸ್ಟೀಲ್ ಬಟ್ಟಲು ಅದು. ಶುಕ್ರವಾರ ಅದರ ತುಂಬ ಹುರುಳಿಕಾಳಿನ ಉಸಲಿ ಹಾಕಿಕೊಂಡು ನಿಧಾನವಾಗಿ ಅಗಿದು ತಿಂದೆ. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು, ಎದೆಯ ಕೆಳಗೆ ಆ ಪರಿಚಿತ ಬಿಗಿತ ಬಂದಿತ್ತು, ಇನ್ನೊಂದು ತುತ್ತು ಇಳಿಯುವಂತಿರಲಿಲ್ಲ. ಶನಿವಾರ ಅದೇ ಬಟ್ಟಲಿನಲ್ಲಿ, ಹಾಲು ಬೆರೆಸಿ ನುಣ್ಣಗೆ ಕಲಸಿದ ಮೊಸರನ್ನ. ಎಂಟು ನಿಮಿಷದಲ್ಲಿ ಬಟ್ಟಲು ಖಾಲಿಯಾಯಿತು, ಮೇಲೆ ಅರ್ಧ ಬಟ್ಟಲು ಹಾಕಿಸಿಕೊಂಡೆ, ಬಿಗಿತ ಬರಲೇ ಇಲ್ಲ. ಒಂದೂವರೆ ಗಂಟೆಯೊಳಗೆ ಮತ್ತೆ ಹಸಿವಾಯಿತು. ಕಿರಿದಾದ ಈ ಹೊಟ್ಟೆ ಗಟ್ಟಿ ಆಹಾರವನ್ನು ತಡೆದು ನಿಲ್ಲಿಸಿಕೊಳ್ಳುತ್ತದೆ, ಮೆತ್ತಗಿನ, ನೀರು ನೀರಾದ ಆಹಾರವನ್ನು ಜಾರಿಸಿ ಕರುಳಿಗೆ ಬಿಡುತ್ತದೆ. ಮೊಸರನ್ನ, ನೆನೆಸಿದ ಅವಲಕ್ಕಿ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಯುಗಾದಿಯಂದು ತಿಂದ ಒಬ್ಬಟ್ಟಿನ ಹೂರಣ, ಇವೆಲ್ಲ ಆ ಜಾತಿಗೇ ಸೇರಿದವು. ಊಟದ ನಡುನಡುವೆ ಸಾರು ಕುಡಿಯುವ ನನ್ನ ಅಭ್ಯಾಸವೂ ಗಟ್ಟಿ ತುತ್ತನ್ನು ತೊಳೆದು ಕೆಳಗಿಳಿಸುತ್ತಿತ್ತು. ಇವುಗಳ ಜೊತೆಗೆ ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೂ ಒಂದು ಚಮಚ ಸಕ್ಕರೆ. "ನಾನು ಏನನ್ನೂ ತಿನ್ನುತ್ತಿಲ್ಲ" ಎಂದು ಇಷ್ಟು ದಿನ ಎಲ್ಲರಿಗೂ ಹೇಳುತ್ತಿದ್ದೆ, ಅದನ್ನು ಪ್ರಾಮಾಣಿಕವಾಗಿಯೇ ನಂಬಿದ್ದೆ.

ಏಪ್ರಿಲ್ 20. ತೂಕ 87.9 ಕಿಲೋ

ಆಹಾರತಜ್ಞೆಗೆ ಎರಡು ವಾರಗಳ ಪುಸ್ತಕವನ್ನು ತೋರಿಸಿದೆ. ಅವರು ಗುರಿಯನ್ನು 70 ಗ್ರಾಮಿಗೆ ನಿಗದಿ ಮಾಡಿದರು. ತಿನ್ನುವ ಕ್ರಮದಲ್ಲಿ ಮೊದಲು ಮೊಟ್ಟೆ, ಪನೀರ್ ಅಥವಾ ಕಾಳು, ಆಮೇಲೆ ಪಲ್ಯ, ಜಾಗ ಉಳಿದರೆ ಮಾತ್ರ ಮುದ್ದೆ ಅಥವಾ ಅನ್ನ. ನೀರು, ಸಾರು, ಮಜ್ಜಿಗೆ ಏನಿದ್ದರೂ ಊಟವಾಗಿ ಅರ್ಧ ಗಂಟೆಯ ಮೇಲೆ. ರಾತ್ರಿಯ ಊಟವನ್ನು ಮತ್ತೆ ಆರಂಭಿಸಲು ಹೇಳಿದಾಗ ನನಗೆ ಭಯವಾಯಿತು. ಅವರು ವಿವರಿಸಿದರು: 118 ಕಿಲೋ ಹೊತ್ತು ನಡೆಯಲು ಬೇಕಾಗುತ್ತಿದ್ದ ಶಕ್ತಿ 87 ಕಿಲೋಗೆ ಬೇಕಾಗುವುದಿಲ್ಲ, ಅದರ ಮೇಲೆ, ಕಳೆದುಕೊಂಡ ತೂಕದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಸೇರಿರುತ್ತದೆ, ಪ್ರೊಟೀನ್ ಕಡಿಮೆಯಾಗಿ ಉಪವಾಸವೂ ಕೂಡಿದರೆ ದೇಹ ಸ್ನಾಯುವನ್ನು ಇನ್ನಷ್ಟು ಬಿಟ್ಟುಕೊಟ್ಟು, ಸುಮ್ಮನೆ ಕುಳಿತಾಗಿನ ಖರ್ಚನ್ನೂ ತಗ್ಗಿಸುತ್ತದೆ. ಆದ್ದರಿಂದ ನಡಿಗೆಯೊಂದೇ ಸಾಲದು, ಸ್ನಾಯುವಿಗೆ ಕೆಲಸ ಕೊಡಬೇಕು.

ವಾರಕ್ಕೆ ಮೂರು ದಿನ, 25 ನಿಮಿಷ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ರಬ್ಬರ್ ಪಟ್ಟಿಯನ್ನು ಎಳೆಯುವುದು, ಎರಡು ಕೈಯಲ್ಲಿ ಐದೈದು ಲೀಟರಿನ ನೀರಿನ ಕ್ಯಾನ್ ಹಿಡಿದು ತಾರಸಿಯ ಉದ್ದಕ್ಕೂ ನಡೆಯುವುದು. ಮೊದಲ ದಿನ ಆರು ಬಾರಿ ಕುರ್ಚಿಯಿಂದ ಏಳುವಷ್ಟರಲ್ಲಿ ತೊಡೆ ನಡುಗಿತು.

ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿದೆ, ಬಿ12 ಮತ್ತು ಕಬ್ಬಿಣ ಎರಡೂ ಕಡಿಮೆ. ಮಾತ್ರೆ ನುಂಗುವುದನ್ನು ಜನವರಿಯಿಂದ ಸಡಿಲ ಬಿಟ್ಟಿದ್ದೆ. ವೈದ್ಯರು ಮತ್ತೆ ಆರಂಭಿಸಿದ್ದಾರೆ.

ಇಷ್ಟೆಲ್ಲ ಮಾಡಿದರೂ ತೂಕ ಏರಿರುವುದನ್ನು ಕಂಡು ಇಂದು ಬೆಳಿಗ್ಗೆ ಅಳು ಬಂತು. ಟೇಪು ಹಿಡಿದು ನೋಡಿದಾಗ ಸೊಂಟದ ಸುತ್ತಳತೆ 104ರಿಂದ 101 ಸೆಂಟಿಮೀಟರಿಗೆ ಇಳಿದಿತ್ತು. ಹೊಸ ವ್ಯಾಯಾಮದಿಂದ ನೊಂದ ಸ್ನಾಯು ಕೆಲವು ವಾರ ನೀರು ಹಿಡಿದಿಟ್ಟುಕೊಳ್ಳುವುದು ಸಹಜವೆಂದು ಮೊದಲೇ ಹೇಳಿದ್ದರು. ಟೇಪನ್ನೇ ನಂಬಲು ನಿರ್ಧರಿಸಿದ್ದೇನೆ.

ಮೇ 11. ತೂಕ 86.2 ಕಿಲೋ

ಹನ್ನೆರಡು ವಾರಗಳಿಂದ 87ರ ಕೆಳಗಿನ ಅಂಕಿಯನ್ನು ನಾನು ಕಂಡಿರಲಿಲ್ಲ. ಕಳೆದ ಭಾನುವಾರ 86.8 ಬಂದಾಗ ಯಂತ್ರದಿಂದ ಇಳಿದು ಮತ್ತೆ ಹತ್ತಿದೆ. ಪ್ರೊಟೀನ್ ಸರಾಸರಿ 68 ಗ್ರಾಂ. ಒಟ್ಟು ಕ್ಯಾಲೊರಿ ಮಾರ್ಚ್ ತಿಂಗಳ ಉಪವಾಸದ ದಿನಗಳಿಗಿಂತ ಹೆಚ್ಚಿದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಬರೆದಿಡುತ್ತಿದ್ದೇನೆ. ಕಾಫಿ ಎರಡಕ್ಕೆ ಇಳಿದಿದೆ, ಸಕ್ಕರೆ ಇಲ್ಲ.

ಸಂಜೆ ಐದರ ಹೊತ್ತಿನ ಹಸಿವೇ ಇನ್ನೂ ಕಠಿಣ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಅದನ್ನು ಹೆಚ್ಚಾಗಿ ತಯಾರಿಸುವ ಹೊಟ್ಟೆಯ ಮೇಲ್ಭಾಗವೇ ಸ್ಲೀವ್‌ನಲ್ಲಿ ಹೋಗಿಬಿಡುವುದರಿಂದ ಮೊದಲ ತಿಂಗಳುಗಳಲ್ಲಿ ಊಟದ ನೆನಪೇ ಬರುತ್ತಿರಲಿಲ್ಲ. ಈಗ ಹಸಿವು ಮರಳುತ್ತಿದೆ. ಅದಕ್ಕಾಗಿ ಹುರಿಗಡಲೆಯನ್ನು ಮೂವತ್ತು ಗ್ರಾಂ ತೂಗಿ ಡಬ್ಬಿಯಲ್ಲಿಟ್ಟುಕೊಂಡು, ಒಂದೊಂದಾಗಿ ಅಗಿಯುತ್ತೇನೆ.

ಜೂನ್ 15. ತೂಕ 83.3 ಕಿಲೋ

ಸೊಂಟ 96. ಕುರ್ಚಿಯಿಂದ ಒಂದೇ ಉಸಿರಿಗೆ 22 ಬಾರಿ ಏಳುತ್ತೇನೆ. ನಡುವೆ ಒಂದು ಮದುವೆಯ ವಾರದಲ್ಲಿ 600 ಗ್ರಾಂ ಏರಿ, ಮುಂದಿನ ವಾರ ಇಳಿಯಿತು. ಕೂದಲು ಇನ್ನೂ ಉದುರುತ್ತಿದೆ, ಮೊದಲಿಗಿಂತ ಕಡಿಮೆ.

ಶಸ್ತ್ರಚಿಕಿತ್ಸೆಯಾಗಿ ಈಗ ಒಂದು ವರ್ಷ. ತೂಕ ಚೆನ್ನಾಗಿ ಇಳಿಯುವ ಅವಧಿ ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ತಿಂಗಳು ಎನ್ನುತ್ತಾರೆ. ಮುಂದಿನ ವಾರದಿಂದ ಕ್ಯಾನುಗಳಿಗೆ ಬದಲು ಐದು ಕಿಲೋ ಡಂಬೆಲ್ ತರುತ್ತಿದ್ದೇನೆ. ಬಿ12 ಮತ್ತು ಕಬ್ಬಿಣದ ಮರುಪರೀಕ್ಷೆ ಜುಲೈನಲ್ಲಿದೆ.